ಖಂಡಸ್ಫುಟಿತ ಜೀರ್ಣೋದ್ಧಾರ

ಶಾಸನಗಳನ್ನು ಪಾಠ ಹೇಳುವವರಿಗೆಲ್ಲ ಪರಿಚಿತವಾದ ಮಾತೊಂದಿದೆ. ಅರಸನೋ ದಂಡನಾಯಕನೋ ವರ್ತಕನೋ ಒಂದು ದೇವಾಲಯವನ್ನೆತ್ತಿಸಿ ಅದಕ್ಕೆ ಭೂಮಿಯನ್ನು ದತ್ತಿಬಿಡುವಾಗ, ಅದರ ಹುಟ್ಟುವಳಿ ಯಾವ ಯಾವುದಕ್ಕೆ ಸಲ್ಲತಕ್ಕದ್ದೆಂಬುದನ್ನು ಕಲ್ಲಿನ ಮೇಲೆ ಬರೆಯಿಸುತ್ತಾನೆ: ಅಂಗಭೋಗಕ್ಕೆ, ರಂಗಭೋಗಕ್ಕೆ, ನೈವೇದ್ಯಕ್ಕೆ, ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಖಂಡವೆಂದರೆ ಮುರಿದುಬಿದ್ದದ್ದು; ಸ್ಫುಟಿತವೆಂದರೆ ಬಿರುಕುಬಿಟ್ಟದ್ದು; ಜೀರ್ಣವಾದುದನ್ನು ಮೇಲಕ್ಕೆತ್ತುವುದೇ ಜೀರ್ಣೋದ್ಧಾರ. ಈ ಅರ್ಥವನ್ನು ನಾನು ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ಒಪ್ಪಿಸುತ್ತ ಬಂದಿದ್ದೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಗುಡಿ ಆಗ ತಾನೇ ಕಟ್ಟಿ ಮುಗಿದಿದೆ. ಅಷ್ಟರಲ್ಲೇ ಅದು ಮುರಿಯುವ ಮಾತನ್ನು ಯಾಕೆ ಬರೆಸಿದರು? ಅಪಶಕುನ ಅಲ್ವೇ?” ಎಂದು ಕೇಳಿದಳು. ದೂರದೃಷ್ಟಿ ಎಂದೇನೋ ಒಂದು ಮಾತು ಹೇಳಿ ಗಂಟೆ ಬಾರಿಸುವುದನ್ನು ಕಾದೆ. ನಿಜವಾದ ಉತ್ತರ ದೊರೆತದ್ದು ನಮ್ಮ ಮನೆಯ ಹಿತ್ತಲಿನಲ್ಲಿ. ಅದಕ್ಕೆ ತೆತ್ತ ಬೆಲೆಯೂ ಸ್ವಲ್ಪದ್ದಲ್ಲ.

ಮೈಸೂರಿನ ಯಾದವಗಿರಿಯಲ್ಲಿ, ಆಕಾಶವಾಣಿಗೆ ಅನತಿದೂರದಲ್ಲಿ, ನಮ್ಮ ತಂದೆ ಕಟ್ಟಿಸಿದ ಮನೆಯಿದೆ. ಅದರ ಹಿಂದೆ ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೊಳ. ಈಜುಕೊಳವೆಂದರೆ ದೊಡ್ಡ ಮಾತಾದೀತು. ಆದರೂ ಸರಸ್ವತೀಪುರದಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಇಳಿಯುವ ಧೈರ್ಯ ಬರುವ ಮೊದಲು ನಾನೂ ನನ್ನ ತಂಗಿಯೂ ಕೈಕಾಲು ಬಡಿದು ಕಲಿತದ್ದು ಇಲ್ಲಿಯೇ. ಕೊಳದ ಸುತ್ತ ನಾಲ್ಕಡಿ ಅಗಲದ ಕಲ್ಲುಹಾಸು. ಎರಡು ಬದಿಗೆ ಗ್ರಾನೈಟ್ ಚಪ್ಪಡಿ, ಇನ್ನೆರಡು ಬದಿಗೆ ಶಹಾಬಾದ್ ಕಲ್ಲು. ತಂದೆಯವರ ಕೈಯಲ್ಲಿ ಹಣ ಮುಗಿದದ್ದೇ ಈ ಭೇದಕ್ಕೆ ಕಾರಣವೆಂದು ತಾಯಿ ಹೇಳುತ್ತಾರೆ.

ತಂದೆ ಇದ್ದಷ್ಟು ದಿನ ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಆ ಕಲ್ಲುಗಳನ್ನು ತಾವೇ ಉಜ್ಜುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ಯಾರದೆಂಬ ಪ್ರಶ್ನೆ ನಮ್ಮ ಮನೆಯಲ್ಲಿ ಏಳಲೇ ಇಲ್ಲ. ಆಷಾಢದ ಒಂದು ಬೆಳಗ್ಗೆ, ತುಳಸಿಗೆ ನೀರೆರೆಯಲು ಹೋದ ತಾಯಿ ಹಾವಸೆಗಟ್ಟಿದ ಚಪ್ಪಡಿಯ ಮೇಲೆ ಜಾರಿಬಿದ್ದು ಮಣಿಕಟ್ಟಿನ ಎಲುಬು ಮುರಿದುಕೊಂಡರು. ಎಪ್ಪತ್ತನಾಲ್ಕು ವರ್ಷದ ಜೀವ. ಪಟ್ಟಿ ಕಟ್ಟಿಸಿಕೊಂಡು ಬಂದವರು, “ಅದನ್ನು ಉಜ್ಜಿ ಎಷ್ಟು ದಿನ ಆಯಿತೋ!” ಎಂದಷ್ಟೇ ಅಂದರು. ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಪರಾಧಿಯ ಅವಸರ ನನಗೆ ಬಂತು. ಅಂದೇ ಸಂಜೆ ಹಾವಸೆಯ ಮೇಲೆಲ್ಲ ಬ್ಲೀಚಿಂಗ್ ಪುಡಿಯನ್ನು ಧಾರಾಳವಾಗಿ ಚೆಲ್ಲಿದೆ. ಮರುದಿನ ಗುತ್ತಿಗೆದಾರರೊಬ್ಬರನ್ನು ಕರೆಯಿಸಿ, ಕಲ್ಲು ಹೊಸದರಂತೆ ಹೊಳೆಯಬೇಕು, ಸಂದುಗಳನ್ನೆಲ್ಲ ಭದ್ರವಾಗಿ ಮುಚ್ಚಬೇಕು ಎಂದು ಹೇಳಿ ಕಾಲೇಜಿಗೆ ಹೊರಡುವ ಸಿದ್ಧತೆಯಲ್ಲಿದ್ದೆ. ಪುಡಿ ಚೆಲ್ಲಿದ ಸಂಗತಿಯನ್ನು ಮಾತ್ರ ಹೇಳಲಿಲ್ಲ. ಅವರ ಕಡೆಯ ಹುಡುಗ ಕುಕ್ಕರುಗಾಲಿನಲ್ಲಿ ಕುಳಿತು ಕಲ್ಲಿನ ಮೇಲೆ ಆಸಿಡ್ ಸುರಿದ. ಬ್ಲೀಚಿಂಗ್ ಪುಡಿಗೆ ಆಸಿಡ್ ಸೋಕಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ಮೇಲಕ್ಕೇರದೆ ನೆಲಕ್ಕೆ ಅಂಟಿಕೊಂಡೇ ಹರಡುತ್ತದೆ. ಕುಳಿತವನ ಮುಖವಿದ್ದದ್ದು ಅದೇ ಎತ್ತರದಲ್ಲಿ. ಕೆಮ್ಮಿನ ಸದ್ದು ಕೇಳಿ ಓಡಿಬಂದವನು ಅವನನ್ನು ಎಳೆದುಕೊಂಡು ಬೀದಿಯ ಗಾಳಿಗೆ ತಂದೆ. ವೈದ್ಯರು ಸಂಜೆಯವರೆಗೆ ಇರಿಸಿಕೊಂಡು ಅಪಾಯವಿಲ್ಲವೆಂದು ಕಳುಹಿಸಿಕೊಟ್ಟರು. ಹತ್ತೊಂಬತ್ತು ವರ್ಷದ ಹುಡುಗ. ನನ್ನ ತರಗತಿಯ ಬೆಂಚಿನಲ್ಲಿ ಕುಳಿತಿರಬಹುದಾಗಿದ್ದವನು. ಕೈಗೆ ಸಿಕ್ಕಿದ ಎರಡು ಮದ್ದುಗಳನ್ನು ಕೂಡಿಸಬಾರದೆಂಬುದನ್ನು ಅರಿಯದಿದ್ದವನು ಅವನಲ್ಲ, ನಾನು.

ಕೆಲಸವಂತೂ ಮುಗಿಯಿತು. ಕಲ್ಲು ಬೆಳ್ಳಗಾಯಿತು, ಸಂದುಗಳ ಹಳೆಯ ಸುಣ್ಣದ ಗಾರೆಯನ್ನು ಕೆತ್ತಿ ತೆಗೆದು ಸಿಮೆಂಟನ್ನು ಬಿಗಿದದ್ದಾಯಿತು. ಆದರೆ ಶಹಾಬಾದ್ ಕಲ್ಲಿನ ನೀಲಿಬೂದು ಬಣ್ಣ ಮಾಸಿ, ಸುಣ್ಣ ಚೆಲ್ಲಿದಂತೆ ಬಿಳಿಯ ಮಚ್ಚೆಗಳೆದ್ದವು. ಅದು ಸುಣ್ಣಕಲ್ಲಿನ ಜಾತಿ. ಆಸಿಡ್ ಅದನ್ನು ತೊಳೆಯುವುದಿಲ್ಲ, ತಿನ್ನುತ್ತದೆ. ಗ್ರಾನೈಟ್ ಅಷ್ಟು ಸುಲಭವಾಗಿ ಕರಗದು. ಆದರೆ ಅದರೊಳಗಿನ ಕರಿಯ ಅಭ್ರಕದಲ್ಲಿ ಕಬ್ಬಿಣದ ಅಂಶವಿರುವುದರಿಂದ ಅಲ್ಲಲ್ಲಿ ತುಕ್ಕಿನ ಹಳದಿ ಕಾಣಿಸಿಕೊಂಡಿತು. ಆಶ್ವಯುಜದ ದೊಡ್ಡ ಮಳೆಯಾದ ಮೇಲೆ ಎರಡು ಚಪ್ಪಡಿಗಳು ಕಾಲಿಟ್ಟರೆ ತೊಟ್ಟಿಲಿನಂತೆ ತೂಗತೊಡಗಿದವು. ಹಾವಸೆಯೂ ತನ್ನ ಹಳೆಯ ಜಾಗಕ್ಕೆ ಹಿಂತಿರುಗಿತು.

ಆಗ ಸಹೋದ್ಯೋಗಿಯೊಬ್ಬರು ಒಬ್ಬ ವೃದ್ಧ ಕಲ್ಲುಕುಟಿಗರನ್ನು ಕಳುಹಿಸಿಕೊಟ್ಟರು. ಅವರು ಬಂದವರೇ ಕಲ್ಲನ್ನು ನೋಡಲಿಲ್ಲ. ಮನೆಯ ಸೂರನ್ನು ನೋಡಿದರು, ಮಾವಿನ ಮರದ ನೆರಳನ್ನು ನೋಡಿದರು, ಮಾಳಿಗೆಯ ನೀರಿಳಿಯುವ ಕೊಳವೆ ಎಲ್ಲಿ ಬಂದು ಬೀಳುತ್ತದೆಂದು ನೋಡಿದರು. ಬಳಿಕ ಹಾರೆಯ ಹಿಂಬದಿಯಿಂದ ಒಂದೊಂದು ಚಪ್ಪಡಿಯನ್ನೂ ತಟ್ಟುತ್ತ ಕಿವಿಗೊಟ್ಟು ನಡೆದರು. ಕೆಲವು ಗಟ್ಟಿಯಾಗಿ ನುಡಿದವು, ಕೆಲವು ಟೊಳ್ಳಾಗಿ.

“ಮೇಷ್ಟ್ರೇ, ಕಲ್ಲು ಕೆಟ್ಟಿಲ್ಲ. ಕಲ್ಲಿನ ಕೆಳಗೆ ಕೆಟ್ಟದೆ,” ಎಂದರು.

“ಪಾಚಿ ಮತ್ತೆ ಬಂತಲ್ಲಾ ಯಜಮಾನ್ರೇ?” ಎಂದೆ.

“ಪಾಚಿ ಮ್ಯಾಲೆ ಯಾಕೆ ಸಿಟ್ಟು? ನೀರು ನಿಂತದೆ, ಅದಕ್ಕೆ ಬಂದದೆ. ನೀರ್ಗೆ ದಾರಿ ಬಿಡಿ, ಅದೇ ಹೊಯ್ತದೆ.”

ಮೂವತ್ತೈದು ವರ್ಷಗಳಲ್ಲಿ ಅಡಿಯ ಮಣ್ಣು ಕುಸಿದು ಕಲ್ಲುಹಾಸು ಕೊಳದ ಕಡೆಗೆ ವಾಲಿತ್ತು. ಮೇಲೆ ಬಿದ್ದ ನೀರು ಹೊರಕ್ಕೆ ಹರಿಯದೆ ಅಲ್ಲಿಯೇ ನಿಲ್ಲುತ್ತಿತ್ತು. ಸುಣ್ಣದ ಗಾರೆಯಿದ್ದಾಗ ಒಳಗೆ ಇಳಿದ ತೇವ ಸಂದಿನ ಮೂಲಕವೇ ಆರಿಹೋಗುತ್ತಿತ್ತು. ನಾನು ಅದನ್ನು ಕೀಳಿಸಿ ಸಿಮೆಂಟು ಬಿಗಿಸಿದ್ದೆ. ಬಿಸಿಲಿಗೆ ಕಲ್ಲು ಹಿಗ್ಗಿದಾಗ ಸಿಮೆಂಟು ಬಿರುಕುಬಿಟ್ಟಿತು. ಬಿರುಕಿನಿಂದ ಇಳಿದ ನೀರಿಗೆ ಹೊರಬರಲು ಹಾದಿಯಿಲ್ಲದೆ ಅದು ಅಡಿಯ ಮರಳನ್ನು ಕೊಚ್ಚಿತು. ಕಲ್ಲು ಹಿಗ್ಗುವುದೆಂದರೆ ಎಷ್ಟು ಮಹಾ ಎಂದು ವಾಚಕರು ಕೇಳಬಹುದು. 10 ಮೀಟರು ಉದ್ದದ ಗ್ರಾನೈಟ್ ಹಾಸು 30 ಡಿಗ್ರಿ ಕಾವೇರಿದರೆ ಸುಮಾರು 2 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅಷ್ಟು ಜಾಗವನ್ನೂ ಬಿಡದೆ ಬಿಗಿದರೆ ಬಿಗಿದದ್ದೇ ಸೀಳುತ್ತದೆ.

ಕೆಲಸ ಆರಂಭಿಸುವ ಮುನ್ನ ಅವರು, “ಒಂದು ಸಲ ಮೇಲುಕೋಟೆ ಕಲ್ಯಾಣಿ ನೋಡ್ಕೊಂಡು ಬನ್ನಿ,” ಎಂದರು. ನಾನು ಅದನ್ನು ನೋಡದವನೇನಲ್ಲ. ವೈರಮುಡಿಗೆ ಹೋಗಿದ್ದೆ, ಪು.ತಿ.ನ. ಅವರ ಊರೆಂದು ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆ. ಮೇಲುಕೋಟೆಗೂ ಯಾದವಗಿರಿಯೆಂಬ ಹೆಸರುಂಟು. ಒಂದು ಯಾದವಗಿರಿಯಿಂದ ಇನ್ನೊಂದಕ್ಕೆ ಐವತ್ತು ಕಿಲೋಮೀಟರು. ಈ ಸಲ ಮಾತ್ರ ದೇವರ ಕಡೆಗೂ ಮಂಟಪಗಳ ಕಡೆಗೂ ಹೋಗದೆ ಮೆಟ್ಟಿಲುಗಳ ಮೇಲೆ ಕುಳಿತೆ. ಯಾತ್ರಿಕರ ಪಾದಗಳು ತೀಡಿದ ಅಂಚುಗಳು ದುಂಡಗಾಗಿದ್ದವು. ನೀರು ವರ್ಷವರ್ಷವೂ ಏರುತ್ತದೆ, ಇಳಿಯುತ್ತದೆ. ಮೆಟ್ಟಿಲುಗಳ ಹಿಂದಿನ ಮಣ್ಣು ನೆನೆಯುತ್ತದೆ, ಆರುತ್ತದೆ. ಕಲ್ಲು ಕಲ್ಲಿನ ನಡುವಣ ಸಂದು ಲೋಪವಲ್ಲವೆಂದೂ ಕೊಳ ಉಸಿರಾಡುವುದು ಅಲ್ಲಿಂದಲೇ ಎಂದೂ ಆಗ ನನಗೆ ಹೊಳೆಯಿತು.

ಹಂಪೆಯ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಕೊಳವೂ ನೆನಪಾಯಿತು. ಕರಿಯ ಶಿಲೆಯ ಐದು ಅಂತಸ್ತುಗಳ ಆ ಪುಷ್ಕರಣಿಯ ಕಲ್ಲುಗಳ ಮೇಲೆ ಅವು ಯಾವ ದಿಕ್ಕಿಗೆ, ಯಾವ ಸಾಲಿಗೆ, ಯಾವ ಸ್ಥಾನಕ್ಕೆ ಸೇರಿದವೆಂಬ ಗುರುತುಗಳನ್ನು ಕೊರೆದಿದ್ದಾರೆ. ಜೋಡಿಸುವವರ ಅನುಕೂಲಕ್ಕೆಂದು ಕೊರೆದ ಗುರುತುಗಳು ಅವು. ಆದರೆ ಮುಂದೆ ಎಂದಾದರೂ ಬಿಚ್ಚಿ ಮತ್ತೆ ಕೂಡಿಸುವವನಿಗೂ ಅವುಗಳಿಗಿಂತ ಒಳ್ಳೆಯ ಕೈಪಿಡಿ ದೊರೆಯಲಾರದು.

ನಮ್ಮ ಯಜಮಾನರು ಮಾಘದಲ್ಲಿ ಕೆಲಸ ಹಿಡಿದವರು ಮೊದಲು ಮಾಡಿದ್ದೂ ಅದನ್ನೇ. ಇದ್ದಿಲಿನಿಂದ ಪ್ರತಿಯೊಂದು ಚಪ್ಪಡಿಯ ಮೇಲೂ ಅಂಕೆ ಬರೆದರು. ಹಾರೆ ಹಾಕಿ ಒಂದೊಂದನ್ನೇ ಎಬ್ಬಿಸಿ ಮಾವಿನ ಮರದ ಕೆಳಗೆ ಮೂರು ಗುಂಪು ಮಾಡಿದರು: ನೆಟ್ಟಗಿದ್ದವು, ಬಿರುಕುಬಿಟ್ಟವು, ಮುರಿದುಹೋದವು. ನಾನು ಕಾಫಿಯ ಲೋಟ ಹಿಡಿದುಕೊಂಡು ಆ ಗುಂಪುಗಳನ್ನೇ ನೋಡುತ್ತ ನಿಂತೆ. ಇದು ಸ್ಫುಟಿತ, ಇದು ಖಂಡ! ಶಾಸನದ ಮಾತನ್ನು ಕೇಳಿ ಅರಿಯದ ಒಬ್ಬ ಮನುಷ್ಯ ಅದರ ಪದವಿಭಾಗವನ್ನು ಮಾಡಿ ನನ್ನ ಮುಂದಿಟ್ಟಿದ್ದ. ಆ ಎರಡು ಪದಗಳನ್ನು ಬರಿಯ ಜೋಡುನುಡಿಯೆಂದು ನಾನು ಪಾಠ ಹೇಳಿದ್ದೆ. ಎರಡಕ್ಕೂ ಬೇರೆ ಬೇರೆ ಚಿಕಿತ್ಸೆಯುಂಟೆಂಬುದು ಅಂದು ತಿಳಿಯಿತು. ಬಿರುಕುಬಿಟ್ಟದ್ದನ್ನು ಬಿಸಾಡಬೇಕಾಗಿಲ್ಲ, ಅಡಿಯಲ್ಲಿ ಎಲ್ಲಿಯೂ ಟೊಳ್ಳಿಲ್ಲದಂತೆ ಗಾರೆಯ ಹಾಸಿಗೆಯ ಮೇಲೆ ಮಲಗಿಸಿದರೆ ಇನ್ನೂ ಬಹುಕಾಲ ಬಾಳುತ್ತದೆ. ಮುರಿದದ್ದು ಅಂಚಿನ ತುಂಡಾಗಿ ಬೇರೊಂದು ಜಾಗಕ್ಕೆ ಒದಗುತ್ತದೆ. ಆಸಿಡ್ ತಿಂದ ಶಹಾಬಾದ್ ಕಲ್ಲುಗಳನ್ನು ಅವರು ಮಗುಚಿ ಹಾಕಿದರು. ಅಡಿಯ ಮುಖ ತಂದೆಯ ಕಾಲದ ನೀಲಿಯಲ್ಲಿಯೇ ಇತ್ತು. ಅಂಗಡಿಯಿಂದ ಹೊಸದಾಗಿ ತರಬೇಕಾದದ್ದು ಮೂರೇ ಚಪ್ಪಡಿ.

ಅಡಿಯ ಮಣ್ಣನ್ನು ತೆಗೆದು ಜಲ್ಲಿ ಹಾಕಿ ದಮ್ಮಸು ಮಾಡಿದರು. ಅದರ ಮೇಲೆ ಮರಳು, ಮರಳಿನ ಮೇಲೆ ಸುಣ್ಣದ ಗಾರೆ. ರಸಮಟ್ಟವಿಟ್ಟು ಅಡಿಗೆ ಕಾಲಂಗುಲದಂತೆ ಇಳಿಜಾರು ಕೊಟ್ಟರು, ಕೊಳದ ಕಡೆಗಲ್ಲ, ಹೊರಗಿನ ಚರಂಡಿಯ ಕಡೆಗೆ. ಕಾಲ್ಧೂಳಿನ ನೀರು ಕೊಳಕ್ಕೆ ಇಳಿಯಬಾರದಷ್ಟೆ. ಕೊಳದ ಅಂಚಿನ ಕಲ್ಲಿಗೂ ಹಾಸಿಗೂ ನಡುವೆ ಬೆರಳ ದಪ್ಪದ ಸಂದನ್ನು ಬಿಟ್ಟು, ಅದಕ್ಕೆ ಗಟ್ಟಿಯಾಗದೆ ರಬ್ಬರಿನಂತೆ ಮಣಿಯುವ ಇಂದಿನ ಸೀಲೆಂಟನ್ನು ತುಂಬಿದರು. ಹಳೆಯ ಕೈ ಹೊಸದನ್ನು ಬೇಡವೆನ್ನಲಿಲ್ಲ. ನುಣುಪಾಗಿ ಸವೆದ ಗ್ರಾನೈಟಿನ ಮೇಲೆ ಉಳಿಯಿಂದ ಸಣ್ಣ ಸಣ್ಣ ಪೆಟ್ಟು ಹಾಕಿ ಒರಟು ಮಾಡಿದರು. ಗಾರೆ ನಿಧಾನವಾಗಿ ಬಲಿಯಲೆಂದು ಹತ್ತು ದಿನ ಗೋಣಿತಾಟು ಹೊದಿಸಿ ನೀರು ಚಿಮುಕಿಸುವ ಕೆಲಸ ನನ್ನ ಪಾಲಿಗೆ ಬಂತು. ಮಾಳಿಗೆಯ ಕೊಳವೆಯನ್ನು ಚರಂಡಿಗೆ ತಿರುಗಿಸಿದರು. ಮಾವಿನ ಎರಡು ಕೊಂಬೆ ಸವರಿದರು. ಒಂದು ತೊಟ್ಟು ಆಸಿಡ್ ಬೇಕಾಗಲಿಲ್ಲ.

ಹೊರಡುವಾಗ ಅವರು ಹೇಳಿದ ಉಪಚಾರಕ್ರಮ ನಾಲ್ಕು ಮಾತಿನದು: ವಾರಕ್ಕೊಮ್ಮೆ ಬರಿಯ ನೀರು ಮತ್ತು ನಾರಿನ ಉಜ್ಜುಗೆ, ಜಿಡ್ಡಿದ್ದರೆ ತೆಳುವಾದ ಸಾಬೂನು ನೀರು, ಹುಣಿಸೆಹಣ್ಣು, ನಿಂಬೆ ಮೊದಲಾದ ಹುಳಿಯನ್ನು ಶಹಾಬಾದ್ ಕಲ್ಲಿಗೆ ಸೋಕಿಸಬಾರದು, ವರ್ಷಕ್ಕೊಮ್ಮೆ ತಟ್ಟಿ ನೋಡಿ, ಟೊಳ್ಳು ನುಡಿದದ್ದನ್ನು ಆಗಲೇ ಎತ್ತಿ ಕೂಡಿಸಬೇಕು. ಒಂದು ಕಲ್ಲಿನ ರಿಪೇರಿ ಅರ್ಧ ದಿನದ ಕೂಲಿ. ಹತ್ತು ವರ್ಷ ಬಿಟ್ಟರೆ ಅದೇ ಇಡೀ ಅಂಗಳದ ಖರ್ಚು.

ಹಿಂದಿನವರು ಕೆರೆಯನ್ನು ಕಟ್ಟಿಸಿದಾಗ ಅದರ ಪಾಲನೆಗೆಂದು ಬಿತ್ತುವಟ್ಟವನ್ನು ಬಿಡುತ್ತಿದ್ದರು. ಕೆರೆ ಇರುವವರೆಗೂ ಅದಕ್ಕೆ ದುಡಿಯುವ ಭೂಮಿ ಅದು. ನಾವಾದರೋ ಜೀರ್ಣೋದ್ಧಾರವೆಂಬ ಪದವನ್ನು, ಹಳೆಯದನ್ನು ಉರುಳಿಸಿ ಹೊಸದನ್ನು ನಿಲ್ಲಿಸುವ ಸಮಾರಂಭಕ್ಕೆ ಬಳಸುತ್ತಿದ್ದೇವೆ. ಮುರಿಯುವುದನ್ನು ಮೊದಲ ದಿನವೇ ಒಪ್ಪಿಕೊಂಡವನು ಮಾತ್ರ ಬಾಳುವಂಥದನ್ನು ಕಟ್ಟಬಲ್ಲನೆಂದು ಆ ಶಾಸನವಾಕ್ಯದ ಇಂಗಿತವಿರಬೇಕು. ಮೊನ್ನೆ ಆ ಹುಡುಗಿಯನ್ನು ಕರೆದು, ಅಪಶಕುನವಲ್ಲಮ್ಮ, ಅದು ಕಟ್ಟಿದವನು ಕಟ್ಟಡಕ್ಕೆ ಕೊಟ್ಟ ಮಾತು ಎಂದು ಹೇಳಿದೆ. ತಡವಾದ ಉತ್ತರಕ್ಕಾಗಿ ಕ್ಷಮೆಯನ್ನೂ ಕೇಳಿದೆ.

ನಮ್ಮ ಮನೆಯ ಬಿತ್ತುವಟ್ಟ ಭಾನುವಾರದ ಒಂದು ಗಂಟೆ. ಮಕ್ಕಳಿಬ್ಬರೂ ನಾನೂ ನಾರು ಹಿಡಿದು ಕೂರುತ್ತೇವೆ. ತಾಯಿ ಜಗುಲಿಯ ಮೇಲೆ ಕುಳಿತು, ಎಲ್ಲಿ ಬಿಟ್ಟುಹೋಯಿತೆಂದು ಕೂಡಿಬಂದ ಕೈಯಿಂದ ಬೆರಳು ಮಾಡಿ ತೋರಿಸುತ್ತಾರೆ.