ಉಪಕಾರ ಸ್ಮರಣೆಯ ಪಾಠ

'ಕೃತಜ್ಞತೆ' ಎಂಬುದು ನಮ್ಮ ಆಡುಮಾತಿನ ಪದವಲ್ಲ. ಕೃತವನ್ನು, ಎಂದರೆ ಮಾಡಿದ್ದನ್ನು, ಅರಿತವನು ಕೃತಜ್ಞ. ಅದನ್ನು ಕೊಂದವನು ಕೃತಘ್ನ. ಪದವನ್ನು ಹೀಗೆ ಬಿಡಿಸಿ ನೋಡಿದಾಗ ಅದರಲ್ಲಿ ಬಾಗುವ ತಲೆಯಾಗಲಿ, ಮುಗಿದ ಕೈಯಾಗಲಿ ಕಾಣುವುದಿಲ್ಲ. ಕಾಣುವುದು ಅರಿವು ಮಾತ್ರ. ತರಗತಿಯಲ್ಲಿ ಈ ಪದವನ್ನು ವಿವರಿಸುವಾಗಲೆಲ್ಲ ನನಗೆ ಒಂದು ಪ್ರಶ್ನೆ ಎದುರಾಗುತ್ತದೆ. ತನಗಾಗಿ ಯಾರು ಏನು ಮಾಡಿದರೆಂಬುದೇ ತಿಳಿಯದ ಎಳೆಯರಲ್ಲಿ ಉಪಕಾರ ಸ್ಮರಣೆಯಿಲ್ಲವೆಂದು ಹಳಹಳಿಸುವುದರಲ್ಲಿ ಅರ್ಥವುಂಟೇ?

'ಧನ್ಯವಾದ'ವಂತೂ ಸಭೆಯ ಕೊನೆಯಲ್ಲಿ, ಕೇಳುವವರು ಚಪ್ಪಲಿ ಹುಡುಕುತ್ತಿರುವಾಗ, ಆಡುವ ಮಾತು. ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಬಡಿಸಿದ ತಾಯಿಗೆ ಮಗ ಧನ್ಯವಾದ ಹೇಳಿದನೆಂದರೆ, ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದು ಆಕೆ ಗಾಬರಿಪಟ್ಟಾಳು. ಇಲ್ಲಿ ಉಪಕಾರ ಸ್ಮರಣೆಗೆ ಬೇರೆಯೇ ಭಾಷೆಯಿದೆ. ಬಂದವರ ಮುಂದೆ ಇಡುವ ಆಸರಿಗೆ, ಕವಳದ ತಟ್ಟೆ, ದೀಪಾವಳಿಯಂದು ದನದ ಕೊರಳಿಗೆ ಬೀಳುವ ಅಡಿಕೆಯ ಸರ, ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಗದ್ದೆಗೆ ಬೀರುವ ಚರಗ: ಇವು ಆ ಭಾಷೆಯ ಅಕ್ಷರಗಳು. ದೀವರ ಹೆಂಗಸರು ವಾರಗಟ್ಟಲೆ ಕುಳಿತು ಚಿತ್ರ ಬರೆದ ಭೂಮಣ್ಣಿ ಬುಟ್ಟಿಯನ್ನು ಕಂಡವರಿಗೆ, ಬಸುರಿಯಾದ ಭೂಮಿಗೆ ಬಯಕೆಯ ಊಟ ಒಯ್ಯುವ ಆ ಸಂಭ್ರಮದಲ್ಲಿ ಎಷ್ಟು ಅರಿವು ಅಡಗಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಚಾರ ನನ್ನನ್ನು ಕಾಡತೊಡಗಿದ್ದು ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾದ ಗೆಳೆಯನೊಬ್ಬನ ಮನೆಯ ದೆಸೆಯಿಂದ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಆತ ನಗರದ ಉದ್ಯೋಗ ಬಿಟ್ಟು ತೋಟದ ಮನೆಗೆ ಮರಳಿದ. ಮೊಬೈಲಿನ ಪಾಠ ಕೇಳಲು ಮಕ್ಕಳು ಗುಡ್ಡ ಹತ್ತಬೇಕಾಗಿದ್ದ ಕಾಲವದು. ಶಾಲೆಗಳು ತೆರೆದ ಮೇಲೂ ಆತ ಮಗನನ್ನೂ ಮಗಳನ್ನೂ ಮರಳಿ ಕಳುಹಿಸಲಿಲ್ಲ. ತಾನೇ ಗಣಿತ, ವಿಜ್ಞಾನ, ಇಂಗ್ಲಿಷುಗಳನ್ನು ಕಲಿಸತೊಡಗಿದ. 2010ರ ಏಪ್ರಿಲಿನಲ್ಲಿ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಮನೆಪಾಠವನ್ನು ಹೆಸರಿಸಿ ಒಪ್ಪಿಯೂ ಇಲ್ಲ, ಹೆಸರಿಸಿ ನಿಷೇಧಿಸಿಯೂ ಇಲ್ಲ. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದಾದುದರಿಂದ ಮುಂದಿನ ದಾರಿಯೂ ಮುಚ್ಚಿರಲಿಲ್ಲ.

ಪಾಠವೇನೋ ಚೆನ್ನಾಗಿಯೇ ಸಾಗಿತು. ಆದರೆ ಮಗನಿಗೆ ಹದಿನೈದು ತುಂಬುವ ಹೊತ್ತಿಗೆ ಗೆಳೆಯನ ಬಾಯಲ್ಲಿ ಒಂದೇ ದೂರು: "ಇವಕ್ಕೆ ಉಪಕಾರ ಸ್ಮರಣೆಯೇ ಇಲ್ಲೆ ಮಾರಾಯಾ. ಕೆಲಸ ಬಿಟ್ಟು ಬಂದು ಕಲಿಸ್ತಾ ಇದ್ದಿ, ಗೊತ್ತಾಗ್ತಿಲ್ಲೆ." ಒಂದು ದಿನ ನನ್ನೆದುರೇ ಆ ಮಾತು ಬಂದಾಗ ಹುಡುಗ ತಲೆಯೆತ್ತದೆಯೇ ಹೇಳಿದ: "ಆನು ಕೇಳಿದ್ನಿಲ್ಲೆ ಅಪ್ಪಯ್ಯ." ನಾನು ಕೇಳಿರಲಿಲ್ಲ! ಆ ಮಾತಿಗೆ ಜಗಲಿಯಲ್ಲಿದ್ದ ಯಾರಲ್ಲೂ ಉತ್ತರವಿರಲಿಲ್ಲ.

ನನಗಾಗ ನೆನಪಾದವನು ಹರಿಲಾಲ ಗಾಂಧಿ. ದಕ್ಷಿಣ ಆಫ್ರಿಕದಲ್ಲಿದ್ದಾಗ ಗಾಂಧೀಜಿ ತಮ್ಮ ಮಕ್ಕಳನ್ನು ಯುರೋಪಿಯನ್ನರ ಶಾಲೆಗೆ ವಿಶೇಷ ರಿಯಾಯಿತಿಯ ಮೇರೆಗೆ ಸೇರಿಸಬಹುದಾಗಿತ್ತು. ಇತರ ಭಾರತೀಯರ ಮಕ್ಕಳಿಗಿಲ್ಲದ ಸವಲತ್ತು ತಮ್ಮ ಮಕ್ಕಳಿಗೂ ಬೇಡವೆಂದು ಅವರು ಮನೆಯಲ್ಲೇ ಕಲಿಸಿದರು. ಜೋಹಾನ್ಸ್‌ಬರ್ಗಿನಲ್ಲಿ ಕಚೇರಿಗೆ ನಡೆದು ಹೋಗುವಾಗ ಮಕ್ಕಳನ್ನು ಜೊತೆಗೆ ಕರೆದೊಯ್ದು ಮಾತಿನಲ್ಲೇ ಪಾಠ ಹೇಳುತ್ತಿದ್ದರಂತೆ. ತ್ಯಾಗ, ಸರಳತೆ, ಸೇವೆಗಳ ವಿಷಯದಲ್ಲಿ ಅಂಥ ತಂದೆಯ ಮಾದರಿ ಇನ್ನಾವ ಮಕ್ಕಳಿಗೆ ದೊರೆತೀತು? ಆದರೂ ಓದುವ ಹಂಬಲವಿದ್ದ ಹಿರಿಯ ಮಗನ ಎದೆಯಲ್ಲಿ ಉಳಿದದ್ದು ಕಹಿ. ಮಗನೊಬ್ಬನನ್ನು ವಿಲಾಯತಿಯಲ್ಲಿ ಓದಿಸಲು ಮಿತ್ರರೊಬ್ಬರು ಮುಂದಾದಾಗ ಗಾಂಧೀಜಿ ಆ ಅವಕಾಶವನ್ನು ಬೇರೊಬ್ಬರಿಗೆ ಕೊಟ್ಟರು. 1911ರಲ್ಲಿ ಹರಿಲಾಲ ತಂದೆಯ ಆಶ್ರಯ ತೊರೆದ. 1948ರಲ್ಲಿ, ತಂದೆ ಹತರಾದ ಕೆಲವೇ ತಿಂಗಳಲ್ಲಿ, ತೀರಿಕೊಂಡ. ಮಕ್ಕಳ ದೂರಿನಲ್ಲಿ ಹುರುಳಿಲ್ಲದಿಲ್ಲವೆಂದು ಗಾಂಧೀಜಿ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ತಮ್ಮ ನಿರ್ಧಾರವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. 1934ರಲ್ಲಿ ಅವರು ನಮ್ಮ ಶಿರಸಿಗೂ ಬಂದುಹೋದವರು. ಅವರ ಮೇಲಿನ ಗೌರವ ಈ ಸೀಮೆಯಲ್ಲಿ ಇಂದಿಗೂ ಕುಂದಿಲ್ಲ. ಆ ಗೌರವವನ್ನಿಟ್ಟುಕೊಂಡೇ ಹೇಳಬೇಕಾದ ಮಾತೆಂದರೆ, ಲೋಕಕ್ಕೆ ಆದರ್ಶವಾದದ್ದು ಮಗನಿಗೆ ತನ್ನ ಪಾಲಿನ ನಷ್ಟವಾಗಿ ಕಂಡಿತು.

ಜಿನೀವಾದ ರೂಸೋ 1762ರ 'ಎಮಿಲ್' ಗ್ರಂಥದಲ್ಲಿ ಇದರ ಒಳಗುಟ್ಟನ್ನು ಹಿಡಿದಿದ್ದಾನೆಂದು ನನಗನಿಸುತ್ತದೆ. ಶಾಲೆಯ ಹೊರಗೆ ಒಬ್ಬನೇ ಗುರುವಿನ ಬಳಿ ಬೆಳೆಯುವ ಹುಡುಗನ ಕಥೆಯದು. ಬಡ್ಡಿಯ ಆಸೆಯಿಂದ ಉಪಕಾರ ಮಾಡುವವರು ಕಡಿಮೆಯಾದರೆ ಕೃತಘ್ನರೂ ಕಡಿಮೆಯಾಗುತ್ತಾರೆಂಬುದು ಅವನ ವಾದ. ಇಷ್ಟು ಬಲ್ಲವನು ತನ್ನ ಐದು ಮಕ್ಕಳನ್ನೂ ಅನಾಥಾಲಯದ ಬಾಗಿಲಿಗೆ ಒಪ್ಪಿಸಿದನೆಂಬುದು ಬೇರೆಯೇ ಕಥೆ. ತಂದೆಯ ನಡತೆಯ ಪಾಠವನ್ನು ಅವನಿಂದ ಕಲಿಯುವಂತಿಲ್ಲ. ಮಾತನ್ನು ಮಾತ್ರ ತೆಗೆದುಕೊಳ್ಳೋಣ.

ಶಾಲೆಗೆ ಹೋಗುವ ಹುಡುಗನಿಗೆ ಕೊಡುವ ಕೈಗಳು ಹಲವು. ಅಕ್ಷರ ಕಲಿಸಿದವರೊಬ್ಬರು, ಗಂಟೆ ಬಾರಿಸಿದವರೊಬ್ಬರು, ಬಿಸಿಯೂಟ ಬಡಿಸಿದವರು ಮತ್ತೊಬ್ಬರು. ಅವರಾರೂ ಅವನ ಅಪ್ಪನಲ್ಲದ್ದರಿಂದ ಅವರ ಉಪಕಾರ ಅವನ ಕಣ್ಣಿಗೆ ಬೀಳುತ್ತದೆ. ಮನೆಯಲ್ಲೇ ಕಲಿಯುವವನಿಗೆ ಕೊಡುವವರೂ ಅವರೇ, ಲೆಕ್ಕ ಕೇಳುವವರೂ ಅವರೇ. ಕುವೆಂಪು ಅವರ ಮೊದಲ ಓದು ನಡೆದದ್ದು ಕುಪ್ಪಳಿಯ ಮನೆಯಲ್ಲಿ, ದಕ್ಷಿಣ ಕನ್ನಡದಿಂದ ಬಂದ ಐಗಳ ಬಳಿ. ಮುಂದೆ ಅವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು 1939ರಲ್ಲೇ ಅಗಲಿದ್ದ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ. ಶಿವರಾಮ ಕಾರಂತರು ಶಾಲೆಗಳನ್ನು ನಂಬದೆ ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಎಳವೆಯ ಪಾಠವನ್ನು ಮನೆಯಲ್ಲೇ ಕೊಡಿಸಿದರು. ಅಲ್ಲಿ ಬೆಳೆದ ಉಲ್ಲಾಸ ಕಾರಂತರು ಹುಲಿಗಳನ್ನು ಕುರಿತ ಸಂಶೋಧನೆಯಿಂದ ಜಗತ್ತಿಗೆ ಪರಿಚಿತರಾದರು. 2021ರಲ್ಲಿ ಅವರೂ ಅವರ ಇಬ್ಬರು ಸೋದರಿಯರೂ ಸೇರಿ ಇಂಗ್ಲಿಷಿನಲ್ಲಿ ತಂದೆತಾಯಿಯರ ನೆನಪಿನ ಪುಸ್ತಕವೊಂದನ್ನು ಪ್ರಕಟಿಸಿದರು. ಮಕ್ಕಳು ನಡುವಯಸ್ಸು ದಾಟಿದ ಮೇಲೆ ಬಂದ ಪುಸ್ತಕವದು. ಹದಿನೈದರ ಹುಡುಗನಿಂದ ಇಂದೇ ಸಂಜೆಗೆ ರಸೀದಿ ಬಯಸುವ ತಂದೆಯರು ಆ ಕಾಲದ ಅಂತರವನ್ನು ಗಮನಿಸಬೇಕು.

ಹೆಗಡೆಕಟ್ಟಾಕ್ಕೆ ಮರಳೋಣ. ಗೆಳೆಯ ಎಲ್ಲಿಯೋ ಓದಿ ಒಂದು ಉಪಾಯ ಹೂಡಿದ. ಅಮೆರಿಕದ ಎಮನ್ಸ್ ಮತ್ತು ಮೆಕಲೊ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ತಮಗೊದಗಿದ ಒಳಿತುಗಳನ್ನು ವಾರಕ್ಕೊಮ್ಮೆ ಪಟ್ಟಿಮಾಡಿದವರ ಮನಸ್ಸು ಹೆಚ್ಚು ಪ್ರಸನ್ನವಾಗಿತ್ತೆಂದು ತೋರಿಬಂದಿತ್ತು. ಸರಿ, ಮಕ್ಕಳೂ ದಿನಕ್ಕೆ ಐದು ಉಪಕಾರಗಳನ್ನು ಬರೆಯಬೇಕೆಂದು ಅಪ್ಪಣೆಯಾಯಿತು. ಹುಡುಗ ಮೊದಲ ದಿನ 'ಅನ್ನ, ನೀರು, ಗಾಳಿ, ಅಪ್ಪಯ್ಯ, ಆಯಿ' ಎಂದು ಬರೆದು, ಮರುದಿನದಿಂದ ಅದರ ಕೆಳಗೆ ಅದೇ ಗುರುತು ಹಾಕುತ್ತ ಹೋದ. ನನಗೆ ನಗು ತಡೆಯಲಾಗಲಿಲ್ಲ.

ಅದೇ ಮನೆಯಲ್ಲಿ ನಾನು ಕೊನೆಕೊಯ್ಲಿನ ದಿನವೊಂದನ್ನು ಕಂಡಿದ್ದೆ. ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತ ಬೆಳಗಿನಿಂದ ಮೇಲೆಯೇ ಇದ್ದ. ಇಳಿದು ಬಂದಾಗ ಗೆಳೆಯ ಫೋನಿನಿಂದ ಕಣ್ಣೆತ್ತದೆ ಕೂಲಿಯ ಹಣವನ್ನು ಜಗಲಿಯ ಕಟ್ಟೆಯ ಮೇಲಿಟ್ಟ, ಮಗನೂ ಕಣ್ಣೆತ್ತಲಿಲ್ಲ. ಗೆಳೆಯನ ತಾಯಿ ಮಾತ್ರ ಮಜ್ಜಿಗೆಯ ಚೊಂಬು ಹಿಡಿದು ಅಂಗಳಕ್ಕಿಳಿದರು. "ಕೂತ್ಕೋ, ಮೊದ್ಲು ಆಸರಿಗೆ ಕುಡಿ. ಮಂಡಿನೋವು ಹ್ಯಾಂಗಿದ್ದು?" ಎಂದು ವಿಚಾರಿಸಿದರು. ಮೊಮ್ಮಗಳು ಬೆಲ್ಲದ ತಟ್ಟೆ ಹಿಡಿದು ಅವರ ಹಿಂದೆ ನಿಂತಿದ್ದಳು. ಆಕೆಗೆ ಯಾರೂ ಪಟ್ಟಿ ಬರೆಯಿಸಿ ಇದನ್ನು ಕಲಿಸಿರಲಿಲ್ಲ. ಇದನ್ನು ನಾನು ಗೆಳೆಯನಿಗೆ ನೇರವಾಗಿಯೇ ಹೇಳಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದ.

ಮುಂದಿನ ಮಳೆಗಾಲಕ್ಕೆ ಆತ ಪಾಠದ ರೀತಿ ಬದಲಿಸಿದ. ಕೊಳೆರೋಗಕ್ಕೆ ಮದ್ದು ಹೊಡೆಯುವ ಹೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಬೋರ್ಡೋ ದ್ರಾವಣದ ಈ ಲೆಕ್ಕ ಇಲ್ಲಿ ಎಲ್ಲರಿಗೂ ಬಾಯಿಪಾಠ. ಅದು ಬಂದದ್ದೆಲ್ಲಿಂದ? ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ತೋಟಿಗರು ಅಂಚಿನ ಬಳ್ಳಿಗಳಿಗೆ ತುತ್ತಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದ. ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಈ ಮದ್ದನ್ನು ತೋಟಗಳಿಗೆ ತಂದವರು ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್; ಅವರ ವರದಿ ಹೊರಬಂದದ್ದು 1910ರಲ್ಲಿ. ನೂರು ವರ್ಷಗಳಿಗೂ ಮಿಕ್ಕಿ ಈ ಸೀಮೆಯ ಅಡಿಕೆಯನ್ನು ಕಾಯ್ದ ಹೆಸರು ಈ ಸೀಮೆಯ ಎಷ್ಟು ಮನೆಗಳಲ್ಲಿ ಕೇಳಿಬಂದಿದೆ? ಗೆಳೆಯ ಇದನ್ನೆಲ್ಲ ಸುಣ್ಣ ಕಲಸುತ್ತಲೇ ಮಕ್ಕಳಿಗೆ ಹೇಳಿದ. ಕೊನೆಗೌಡ ಇಳಿದಾಗ ತಾನೇ ಎದ್ದು ಹೋಗಿ ಕವಳದ ತಟ್ಟೆ ಮುಂದಿಟ್ಟು, ಆ ಮಳೆಯಲ್ಲಿ ಜಾರುವ ಮರವನ್ನು ಕಾಲಬಳೆಯೊಂದರ ಬಲದಿಂದ ಏರುವುದು ಹೇಗೆಂದು ಕೇಳಿದ. ನಿಜವಾಗಿ ತಿಳಿಯದವನಂತೆಯೇ ಕೇಳಿದ, ಏಕೆಂದರೆ ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಹುಡುಗ ಫೋನು ಕೆಳಗಿಟ್ಟು ಹತ್ತಿರ ಬಂದ.

ಆ ವಾರ ಐದು ಉಪಕಾರಗಳ ಪುಸ್ತಕದಲ್ಲಿ 'ಅದೇ' ಗುರುತು ನಿಂತು, ಕೋಲ್ಮನ್ನರ ಹೆಸರೂ ಅದರ ಕೆಳಗೆ ಕೊನೆಗೌಡನ ಹೆಸರೂ ಕಂಡವು. ಅಪ್ಪಯ್ಯನ ಹೆಸರು ಇರಲಿಲ್ಲ. ಗೆಳೆಯ ಆ ಪುಟವನ್ನು ನನಗೆ ತೋರಿಸಿದಾಗ ದೂರಿನ ದನಿಯಿರಲಿಲ್ಲ.

ಇನ್ನೊಂದು ಮಾತು ಬಾಕಿಯಿತ್ತು: 'ಆನು ಕೇಳಿದ್ನಿಲ್ಲೆ' ಎಂಬುದು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ರಾತ್ರಿ ಗೆಳೆಯ ಮಗನನ್ನು ಕೂರಿಸಿಕೊಂಡು, ಮುಂದೇನು ಬೇಕೆಂದು ಮೊದಲ ಬಾರಿಗೆ ಕೇಳಿದನಂತೆ. ಹುಡುಗ ಈಗ ಬೆಳಗಿನ ಬಸ್ಸಿಗೆ ಶಿರಸಿಯ ಕಾಲೇಜಿಗೆ ಹೋಗುತ್ತಾನೆ. ತಂಗಿಯನ್ನು ಕೇಳಿದ್ದಕ್ಕೆ ಆಕೆ, ಇನ್ನೆರಡು ವರ್ಷ ಅಪ್ಪಯ್ಯನ ಹತ್ತಿರವೇ ಕಲಿಯುತ್ತೇನೆ, ಆದರೆ ಗಣಿತಕ್ಕೆ ಬೇರೆ ಯಾರಾದರೂ ಬೇಕು ಎಂದಿದ್ದಾಳೆ.