ಅರಿವಳಿಕೆಯ ಆಳವನ್ನು ಅಳೆಯುವುದೆಂತು?

1845ರ ಜನವರಿಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯನು ವಿದ್ಯಾರ್ಥಿಗಳ ಸಭೆಯ ಮುಂದೆ ಒಂದು ಪ್ರಯೋಗವನ್ನು ಮಾಡಿ ತೋರಿಸಿದನು. ನಗೆ ಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡನ್ನು ರೋಗಿಗೆ ಉಸಿರಾಡಿಸಿ, ನೋವಿಲ್ಲದೆ ಹಲ್ಲು ಕೀಳುವುದು ಅವನ ಉದ್ದೇಶ. ಆದರೆ ಹಲ್ಲು ಕೀಳುವಾಗ ರೋಗಿಯು ಚೀರಿದನು; ಸಭಿಕರು ವೆಲ್ಸನನ್ನು ಮೋಸಗಾರನೆಂದು ಹಳಿದರು. ಮರುವರ್ಷ, 1846ರ ಅಕ್ಟೋಬರ್ 16ರಂದು, ಅದೇ ಊರಿನಲ್ಲಿ ವಿಲಿಯಂ ಮಾರ್ಟನ್ ಈಥರನ್ನು ಬಳಸಿ ಗೆದ್ದನು; ಕೀರ್ತಿಯು ಅವನ ಪಾಲಾಯಿತು. ವೆಲ್ಸನ ರೋಗಿಯಾದರೋ, ಕೂಗಿದ್ದು ನಿಜವಾದರೂ ತನಗೆ ಅಷ್ಟಾಗಿ ನೋವಾಗಲಿಲ್ಲವೆಂದು ಬಳಿಕ ಹೇಳಿದನಂತೆ. ಈ ಮಾತನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳೋಣ. ಅವನಿಗೆ ನೋವೇ ಆಗಲಿಲ್ಲವೋ, ಆದ ನೋವು ಮರೆತುಹೋಯಿತೋ?

ಅರಿವಳಿಕೆಯು ನಿದ್ರೆಯಲ್ಲ. ತರಗತಿಯಲ್ಲಿ ತೂಕಡಿಸುವವನನ್ನು ಪಕ್ಕದವನು ಚಿವುಟಿದರೆ ಸಾಕು, ಎಚ್ಚರವಾಗುತ್ತದೆ. ಅರಿವಳಿಕೆಗೊಳಗಾದವನು ಶಸ್ತ್ರದ ಅಲಗಿಗೂ ಏಳಬಾರದು. ಔಷಧವು ಕಡಮೆಯಾದರೆ ಅವನು ಎಚ್ಚರಗೊಂಡಾನು, ಮಿತಿಮೀರಿದರೆ ಉಸಿರೇ ನಿಂತೀತು. ಈಥರಿನ ಕಾಲದಲ್ಲಿ ಈ ಆಳಕ್ಕೆ ರೋಗಿಯ ದೇಹವೇ ಅಳತೆಗೋಲಾಗಿದ್ದಿತು. ಲಂಡನ್ನಿನ ಜಾನ್ ಸ್ನೋ 1847ರಲ್ಲಿಯೇ ಈಥರಿನ ಪ್ರಭಾವವನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿದ್ದನು. ಮೊದಲನೆಯ ಮಹಾಯುದ್ಧದ ಅನುಭವದಿಂದ ಅಮೆರಿಕದ ಆರ್ಥರ್ ಗ್ವೆಡೆಲ್ ನಾಲ್ಕು ಹಂತಗಳನ್ನು ಗುರುತಿಸಿದನು: ಮೊದಲು ಮಂಪರು, ಆಮೇಲೆ ಕೈಕಾಲು ಬಡಿಯುವ ಉದ್ವೇಗ, ಮೂರನೆಯದು ಶಸ್ತ್ರಚಿಕಿತ್ಸೆಗೆ ತಕ್ಕ ಶಾಂತ ಸ್ಥಿತಿ, ನಾಲ್ಕನೆಯದರಲ್ಲಿ ಉಸಿರು ನಿಲ್ಲುತ್ತದೆ. ಉಸಿರಾಟದ ಲಯ, ಕಣ್ಣುಗುಡ್ಡೆಯ ಚಲನೆ, ಪಾಪೆಯ ಅಗಲ, ಸ್ನಾಯುಗಳ ಬಿಗಿ, ಇವನ್ನು ನೋಡಿ ರೋಗಿಯು ಯಾವ ಹಂತದಲ್ಲಿರುವನೆಂದು ಹೇಳಬಹುದಾಗಿದ್ದಿತು.

ಈ ಅಳತೆಗೋಲನ್ನು ಮುರಿದದ್ದು ಒಂದು ಬಾಣದ ವಿಷ. ದಕ್ಷಿಣ ಅಮೆರಿಕದ ಕಾಡುಗಳ ಬೇಟೆಗಾರರು ಬಾಣದ ಮೊನೆಗೆ ಬಳಿಯುತ್ತಿದ್ದ ಕ್ಯುರಾರೆಯನ್ನು 1942ರ ಜನವರಿ 23ರಂದು ಕೆನಡದ ಮಾಂಟ್ರಿಯಲ್ಲಿನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದರು. ನರವು ಸ್ನಾಯುವನ್ನು ಸೇರುವೆಡೆಯಲ್ಲಿ ಇದು ಆಜ್ಞೆಯನ್ನು ತಡೆಯುತ್ತದೆ, ಸ್ನಾಯುಗಳು ಸಡಿಲವಾಗುತ್ತವೆ. ಶಸ್ತ್ರವೈದ್ಯನಿಗೆ ಇದೊಂದು ವರವೇ ಸರಿ, ಏಕೆಂದರೆ ಹೊಟ್ಟೆಯ ಸ್ನಾಯುಗಳನ್ನು ಸಡಿಲಿಸಲು ಈಗ ಅಪಾಯಕರವಾದಷ್ಟು ಈಥರ್ ಬೇಡ. ಆದರೆ ಕ್ಯುರಾರೆಯು ಮಿದುಳನ್ನು ಮುಟ್ಟುವುದಿಲ್ಲ. ಇದನ್ನು ಸಿದ್ಧಪಡಿಸಲು ಅಮೆರಿಕದ ಯೂಟಾದಲ್ಲಿ ಸ್ಕಾಟ್ ಸ್ಮಿತ್ ಎಂಬ ವೈದ್ಯನು, ಬೇರೆ ಯಾವ ಅರಿವಳಿಕೆಯೂ ಇಲ್ಲದೆ, ತನ್ನ ಮೇಲೆಯೇ ಅದರ ಪೂರ್ಣ ಪ್ರಮಾಣವನ್ನು ಪ್ರಯೋಗಿಸಿಕೊಂಡನು. ದೇಹ ಪೂರ್ತಿ ಸ್ತಬ್ಧವಾಗಿ, ಇತರರು ಉಸಿರಾಡಿಸುತ್ತಿದ್ದರೂ ತಾನು ಆದ್ಯಂತ ಎಚ್ಚರವಾಗಿಯೇ ಇದ್ದೆನೆಂದು 1947ರಲ್ಲಿ ಪ್ರಕಟಿಸಿದನು. ಇಂತಹ ಧೈರ್ಯವನ್ನು ಅನುಕರಿಸೆಂದು ನಾವು ಯಾರಿಗೂ ಹೇಳಲಾರೆವು!

ಅಂದರೆ, ಯಂತ್ರದಿಂದ ಉಸಿರಾಡುತ್ತ ಅಲುಗಾಡದೆ ಮಲಗಿರುವವನು ಅರಿವು ತಪ್ಪಿರಬಹುದು, ಎಲ್ಲವನ್ನೂ ಕೇಳುತ್ತಿರಲೂಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ.

1960ರ ದಶಕದಲ್ಲಿ ವಿಜ್ಞಾನಿಗಳು ಅನಿಲಗಳನ್ನೇ ತೂಗತೊಡಗಿದರು. ಚರ್ಮವನ್ನು ಕೊಯ್ದಾಗ ನೂರಕ್ಕೆ ಐವತ್ತು ಮಂದಿ ಅಲುಗದಂತೆ ಮಾಡುವ ಪ್ರಮಾಣವನ್ನು ಅವರು ಮಾನವಾಗಿ ಹಿಡಿದರು. ಶ್ವಾಸಕೋಶದಲ್ಲಿ ಹಾಲೋಥೇನ್ ಶೇಕಡ 0.75ರಷ್ಟಿದ್ದರೆ ಸಾಕು, ಈಥರ್ ಸುಮಾರು 1.9 ಬೇಕು. ಇಲ್ಲಿ ಒಂದು ಸ್ವಾರಸ್ಯವುಂಟು. ಈ ಅಲುಗಾಟವನ್ನು ತಡೆಯುವುದು ಮುಖ್ಯವಾಗಿ ಬೆನ್ನುಹುರಿಯ ಮೇಲಿನ ಪರಿಣಾಮವೆಂದು 1990ರ ದಶಕದ ಪ್ರಯೋಗಗಳು ತೋರಿಸಿದವು. ಮಿದುಳನ್ನು ಅಳೆಯಹೊರಟವರು ಬೆನ್ನುಹುರಿಯನ್ನು ಅಳೆದಿದ್ದರು! ಅದೃಷ್ಟವಶಾತ್ ಅರಿವು ಇದಕ್ಕಿಂತ ಬಹಳ ಕಡಮೆ ಪ್ರಮಾಣದಲ್ಲಿಯೇ ಹೋಗುತ್ತದೆ. ಆದುದರಿಂದ ರೋಗಿಯು ಹೊರಬಿಡುವ ಉಸಿರಿನ ಅನಿಲವನ್ನು ಅಳೆಯುತ್ತಿರುವುದು ಇಂದಿಗೂ ಒಳ್ಳೆಯ ಕಾವಲು. ಹಣೆಯ ಮೇಲೆ ಪಟ್ಟಿಯಂಟಿಸಿ, ಮಿದುಳಿನ ವಿದ್ಯುತ್ತರಂಗಗಳನ್ನು 0ಯಿಂದ 100ರವರೆಗಿನ ಒಂದು ಅಂಕೆಯಾಗಿ ತೋರಿಸುವ ಉಪಕರಣಗಳೂ 1990ರ ದಶಕದಲ್ಲಿ ಬಂದವು. 2008 ಮತ್ತು 2011ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳಲ್ಲಿ ಅವು ಅನಿಲದ ಅಳತೆಗಿಂತ ಮೇಲೆನಿಸಲಿಲ್ಲ. ರಕ್ತನಾಳದ ಮೂಲಕವೇ ಅರಿವಳಿಕೆ ಕೊಡುವಾಗ ಅಳೆಯಲು ಅನಿಲವೇ ಇರುವುದಿಲ್ಲವಷ್ಟೆ. ಅಲ್ಲಿ ಅವುಗಳ ನೆರವು ಹೆಚ್ಚು.

ಅಪಾಯವೆಷ್ಟು? ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ನಡೆದ ಸಮೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ನಡುವೆ ಎಚ್ಚರವಾಗಿತ್ತೆಂದು ತಾವಾಗಿಯೇ ದೂರಿದವರು ಸುಮಾರು 19,000ಕ್ಕೆ ಒಬ್ಬರು. ಸ್ನಾಯು ಸಡಿಲಿಸುವ ಔಷಧವನ್ನು ಪಡೆದವರಲ್ಲಿ 8,000ಕ್ಕೆ ಒಬ್ಬರು. ಪಡೆಯದವರಲ್ಲಿ 1,36,000ಕ್ಕೆ ಒಬ್ಬರು. ಬಾಣದ ವಿಷದ ಸಂತತಿಯ ಪಾತ್ರ ಈ ಎರಡು ಅಂಕೆಗಳಲ್ಲಿಯೇ ಕಾಣುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ಬಳಿಕ ಕ್ರಮವಾಗಿ ಪ್ರಶ್ನಿಸಿದಾಗ ಸಾವಿರಕ್ಕೆ ಒಬ್ಬಿಬ್ಬರು ಹೌದೆಂದಿರುವ ಅಧ್ಯಯನಗಳೂ ಉಂಟು.

ಇವೆಲ್ಲ ನೆನಪಿಟ್ಟವರ ಲೆಕ್ಕ. ಮರೆತವರನ್ನು ಎಣಿಸುವ ಉಪಾಯವನ್ನು 1977ರಲ್ಲಿ ಟನ್ಸ್ಟಾಲ್ ಎಂಬ ವೈದ್ಯನು ವರ್ಣಿಸಿದನು. ಸ್ನಾಯು ಸಡಿಲಿಸುವ ಔಷಧವನ್ನು ಕೊಡುವ ಮೊದಲು ರೋಗಿಯ ಒಂದು ತೋಳಿಗೆ, ರಕ್ತದೊತ್ತಡ ನೋಡುವಾಗ ಸುತ್ತುವಂತಹ ಪಟ್ಟಿಯನ್ನು ಬಿಗಿಯುವುದು. ಔಷಧವು ಆ ಕೈಯನ್ನು ತಲುಪದು. ಇಡೀ ದೇಹ ಸ್ತಬ್ಧವಾದರೂ ಆ ಕೈಯೊಂದು ಸ್ವತಂತ್ರ. ಆಮೇಲೆ ಕಿವಿಯ ಬಳಿ, “ಕೇಳಿಸುತ್ತಿದ್ದರೆ ನನ್ನ ಕೈಯನ್ನು ಹಿಸುಕಿರಿ” ಎನ್ನುವುದು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉಸಿರಿನ ನಳಿಗೆಯನ್ನು ಇಳಿಸಿದ ಬಳಿಕ ಹೀಗೆ ಕೇಳಲಾಗಿ, 260 ಮಂದಿಯಲ್ಲಿ 12 ಮಂದಿ ಕೈ ಹಿಸುಕಿದರು. ನೋವಿದೆಯೇ ಎಂಬ ಪ್ರಶ್ನೆಗೆ ಅವರಲ್ಲಿ ಐವರು ಮತ್ತೊಮ್ಮೆ ಹಿಸುಕಿದರು. ಇಂತಹ ಪ್ರಯೋಗಗಳಲ್ಲಿ ಹೀಗೆ ಕೈಯಿಂದ ಉತ್ತರಿಸಿದವರಲ್ಲಿ ಬಹುಮಂದಿ, ಪೂರ್ತಿ ಎಚ್ಚರವಾದ ಮೇಲೆ ವಿಚಾರಿಸಿದರೆ, ವೆಲ್ಸನ ರೋಗಿಯಂತೆಯೇ, ತಮಗೇನೂ ಆಗಲಿಲ್ಲವೆನ್ನುತ್ತಾರೆ.