ತಿಂಗಳು ತುಂಬದ ಮಗುವಿಗೆ ಚೀಪುವ ತಾಲೀಮು

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಮಲಗಿರುವ ಪುಟಾಣಿ ಮಗುವಿನ ಬಾಯಿಗೆ ನರ್ಸ್ ಪ್ಯಾಸಿಫೈಯರ್ ಇಟ್ಟರೆ ಮನೆಯ ಹಿರಿಯರಿಗೆ ಕಸಿವಿಸಿ. ‘ಈಗಲೇ ನಿಪ್ಪಲ್ ಅಭ್ಯಾಸ ಮಾಡಿಸಿದರೆ ನಾಳೆ ತಾಯಿ ಎದೆ ಹಿಡಿಯುತ್ತಾ?’ ಎಂದು ಅಜ್ಜಿ ಕೇಳುವುದರಲ್ಲಿ ತಪ್ಪೇನೂ ಇಲ್ಲ. ತಿಂಗಳು ತುಂಬಿ ಹುಟ್ಟಿದ ಮಗುವಾದರೆ, ಎದೆಹಾಲು ಕುಡಿಯುವುದು ಚೆನ್ನಾಗಿ ಕುದುರುವವರೆಗೆ ಪ್ಯಾಸಿಫೈಯರ್ ಬೇಡ ಎಂದೇ ಮಕ್ಕಳ ವೈದ್ಯರೂ ಹೇಳುತ್ತಾರೆ. ಆದರೆ 37 ವಾರ ತುಂಬುವ ಮೊದಲೇ, ಅದರಲ್ಲೂ 34 ವಾರಕ್ಕಿಂತ ಮುಂಚೆ ಹುಟ್ಟಿದ ಮಗುವಿಗೆ ಅದನ್ನು ಕೊಡುವ ಉದ್ದೇಶವೇ ಬೇರೆ. ಬಾಯಿಗೆ ತಾಲೀಮು ಸಿಗಲಿ ಎಂದು ಕೊಡುತ್ತಾರೆ. ಅಳು ನಿಂತರೆ ಅದು ಜೊತೆಗೆ ಬಂದ ಲಾಭ.

ಚೀಪುವುದನ್ನು ಮಗುವಿಗೆ ಯಾರೂ ಕಲಿಸಬೇಕಿಲ್ಲ. ಗರ್ಭದ ನಾಲ್ಕನೇ ತಿಂಗಳಿನ ಆಸುಪಾಸಿನಲ್ಲೇ ಹೆಬ್ಬೆರಳು ಚೀಪುವ ಶಿಶುಗಳು ಸ್ಕ್ಯಾನಿಂಗ್‌ನಲ್ಲಿ ಕಾಣಸಿಗುತ್ತವೆ. ಕಷ್ಟ ಇರುವುದು ಮುಂದಿನ ಹಂತದಲ್ಲಿ: ಚೀಪಬೇಕು, ನುಂಗಬೇಕು, ನಡುವೆ ಉಸಿರೂ ಆಡಬೇಕು. ಗಂಟಲಿನಲ್ಲಿ ಗಾಳಿಗೂ ಹಾಲಿಗೂ ಒಂದಿಷ್ಟು ದೂರ ಒಂದೇ ದಾರಿ. ನುಂಗುವ ಗಳಿಗೆಯಲ್ಲಿ ಉಸಿರು ತಡೆಯದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. 28 ವಾರ ತುಂಬದ ಮಗುವಿನ ಚೀಪುವಿಕೆಗೆ ಬಲವೂ ಇಲ್ಲ, ಲಯವೂ ಇಲ್ಲ. 28ರಿಂದ 31 ವಾರದ ಹೊತ್ತಿಗೆ ಬಿಟ್ಟುಬಿಟ್ಟು ಚೀಪುತ್ತದೆ, ಹೊಂದಾಣಿಕೆ ಮಾತ್ರ ಇನ್ನೂ ಬಂದಿರುವುದಿಲ್ಲ. ಆಗ ಬಾಯಿಯಿಂದಲೋ ಮೂಗಿನಿಂದಲೋ ಹೊಟ್ಟೆಗೆ ಇಳಿಸಿದ ಟ್ಯೂಬ್‌ನಲ್ಲೇ ಹಾಲು. 32ರಿಂದ 34 ವಾರದಲ್ಲಿ ಚಮಚ ಅಥವಾ ಒಳಲೆ, 34 ದಾಟಿದ ಮೇಲೆ ನೇರ ಎದೆಹಾಲು ಎಂಬುದು ನಮ್ಮ ಆಸ್ಪತ್ರೆಗಳು ಅನುಸರಿಸುವ ಸ್ಥೂಲ ಲೆಕ್ಕ. ಇದು ಕ್ಯಾಲೆಂಡರ್ ನೋಡಿ ಜಾರಿಗೆ ತರುವ ನಿಯಮವಲ್ಲ. ಕೆಲವು ಮಕ್ಕಳು ಒಂದು ವಾರ ಮುಂದಿರುತ್ತವೆ, ಕೆಲವು ಎರಡು ವಾರ ಹಿಂದೆ.

ಹೀಗೆ ವಾರಗಟ್ಟಲೆ ಹಾಲು ಟ್ಯೂಬ್‌ನಲ್ಲಿ ಹೋಗುವಾಗ ಬಾಯಿಗೆ ಕೆಲಸವೇ ಇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಆ ದಿನಗಳಲ್ಲಿ ಮಗುವಿನ ಬಾಯಿಯ ಹತ್ತಿರ ಬರುವುದೆಲ್ಲ ಹಿಂಸೆಯೇ: ಟ್ಯೂಬ್, ಕಫ ಎಳೆಯುವ ಸಕ್ಷನ್, ಕೆನ್ನೆಯ ಮೇಲಿನ ಪ್ಲಾಸ್ಟರ್. ಬಾಯಿಗೆ ಬಂದದ್ದು ಹಿತವೂ ಆಗಿರಬಹುದು ಎಂಬ ಅನುಭವ ಮಗುವಿಗೆ ಎಲ್ಲಾದರೂ ಸಿಗಬೇಕಲ್ಲ?

ಹಾಲಿಲ್ಲದೆ ಸುಮ್ಮನೆ ಚೀಪಿಸುವುದರ ಉಪಯೋಗ ಇಲ್ಲಿದೆ. ಮೊಲೆಯಿಂದ ಹಾಲು ಬರುವಾಗ ಮಗು ಸೆಕೆಂಡಿಗೆ ಸುಮಾರು ಒಂದು ಸಲ ಚೀಪುತ್ತದೆ, ಏಕೆಂದರೆ ಪ್ರತಿ ಗುಟುಕಿಗೂ ನುಂಗಬೇಕು. ಬರಿದೇ ಚೀಪುವಾಗ ವೇಗ ಹೆಚ್ಚುಕಡಿಮೆ ಎರಡರಷ್ಟು. ನುಂಗುವ ಭಾರ ಇಲ್ಲದ್ದರಿಂದ ತುಟಿ, ನಾಲಿಗೆ, ದವಡೆಗಳು ಅಪಾಯವಿಲ್ಲದೆ ಲಯ ಕಂಡುಕೊಳ್ಳುತ್ತವೆ. ಟ್ಯೂಬ್‌ನಲ್ಲಿ ಹಾಲು ಇಳಿಯುತ್ತಿರುವಾಗಲೇ ಚೀಪಲು ಕೊಟ್ಟರೆ, ಚೀಪುವುದಕ್ಕೂ ಹೊಟ್ಟೆ ತುಂಬುವುದಕ್ಕೂ ನಂಟು ಬೆಳೆಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಹೀಗೆ ಮಾಡಿದ ಮಕ್ಕಳು ಟ್ಯೂಬ್‌ನಿಂದ ಬಾಯಿಯ ಹಾಲಿಗೆ ಬೇಗ ದಾಟಿದ್ದನ್ನೂ ಆಸ್ಪತ್ರೆಯಿಂದ ಬೇಗ ಮನೆಗೆ ಹೋದದ್ದನ್ನೂ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳು ತೋರಿಸಿವೆ. ತೂಕ ಬೇಗ ಏರುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ, ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ.

ಹಾಗಾದರೆ ಚೀಪಲು ಏನು ಕೊಡಬೇಕು? ಬಾಣಂತಿ ಪಕ್ಕದಲ್ಲೇ ಇದ್ದಾಳೆ ಎಂದಾದರೆ ಮೊದಲ ಆಯ್ಕೆ ಅವಳ ಎದೆಯೇ. ಹಾಲನ್ನೆಲ್ಲ ಹಿಂಡಿ ತೆಗೆದು, ಬರಿದಾದ ಎದೆಗೆ ಮಗುವನ್ನು ಹಚ್ಚುವುದು. ಒಂದೆರಡು ಹನಿ ಬಂದರೂ ಮಗು ನಿಭಾಯಿಸಬಲ್ಲದು. ಕಾಂಗರೂ ಆರೈಕೆಯಲ್ಲಿ ಎದೆಗೆ ಚರ್ಮ ತಾಗುವಂತೆ ಮಗು ಹೇಗೂ ಮಲಗಿರುತ್ತದೆ, ಹಾಗಾಗಿ ಇದಕ್ಕೆ ಬೇರೆ ಏರ್ಪಾಡೂ ಬೇಕಿಲ್ಲ. ತಾಯಿಯ ಹಾಲಿನ ಹರಿವಿಗೂ ಇದು ಒಳ್ಳೆಯದು. ಪ್ಯಾಸಿಫೈಯರ್‌ನಿಂದ ಆ ಲಾಭ ಸಿಗುವುದಿಲ್ಲ. ಆದರೆ ಸಿಸೇರಿಯನ್ ಆದ ತಾಯಿ ಇನ್ನೊಂದು ವಾರ್ಡಿನಲ್ಲಿರುತ್ತಾಳೆ, ಕೆಲವೊಮ್ಮೆ ಇನ್ನೊಂದು ಊರಿನಲ್ಲೇ. ರಾತ್ರಿ ಎರಡು ಗಂಟೆಯ ಟ್ಯೂಬ್ ಹಾಲಿಗೆ ಅವಳನ್ನು ಎಲ್ಲಿಂದ ಕರೆತರುವುದು? ಪ್ಯಾಸಿಫೈಯರ್ ಬೇಕಾಗುವುದು ಅಂಥಲ್ಲಿ. ಒಂದು ಕಾಲಕ್ಕೆ ಎದೆಹಾಲು ಕುಡಿಯುವ ಮಕ್ಕಳಿಗೆ ನಿಪ್ಪಲ್ಲೇ ಬೇಡ ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆಯೂ 2017ರ ಮಾರ್ಗಸೂಚಿಯಲ್ಲಿ, ನೇರ ಎದೆಹಾಲು ಕುಡಿಯಲಾಗದ ಅವಧಿಪೂರ್ವ ಶಿಶುಗಳಿಗೆ ಬರಿದೇ ಚೀಪಿಸುವುದರಿಂದ ಪ್ರಯೋಜನ ಆಗಬಹುದು ಎಂದು ಒಪ್ಪಿದೆ. ಹಾಲು ಕೊಡುವುದಕ್ಕೆ ಮಾತ್ರ ಬಾಟಲಿಗಿಂತ ಬಟ್ಟಲು, ಚಮಚವೇ ಮೇಲು ಎಂಬ ಮಾತನ್ನು ಅದು ಬಿಟ್ಟಿಲ್ಲ. ನಮ್ಮ ಒಳಲೆಗೆ ಅಲ್ಲಿ ಮನ್ನಣೆ ಸಿಕ್ಕಿದೆ ಎಂದುಕೊಳ್ಳೋಣ.

ಕೊಡುವ ಕ್ರಮ ಸರಳ, ಆದರೆ ತಾಳ್ಮೆ ಬೇಕು. ಮೊದಲು ವೈದ್ಯರ ಒಪ್ಪಿಗೆ. ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರದ ಮೇಲಿರುವ ಮಗುವಿಗೆ ಯಾವಾಗ ಶುರು ಮಾಡಬೇಕೆಂಬುದನ್ನು ವಾರ್ಡಿನವರೇ ಹೇಳಬೇಕು. ಕೈ ತೊಳೆದು, ಮಗುವಿನ ಕೈಗಳು ಎದೆಯ ಹತ್ತಿರ ಬರುವಂತೆ ಹಗುರಾಗಿ ಬಟ್ಟೆ ಸುತ್ತಿ. ಮಗು ಮುಷ್ಟಿಯನ್ನು ಬಾಯಿಗೆ ತರುತ್ತಿದೆಯೇ, ನಾಲಿಗೆ ಹೊರಳಿಸುತ್ತಿದೆಯೇ ನೋಡಿ. ಗಾಢ ನಿದ್ದೆಯಲ್ಲಿದ್ದರೆ ಎಬ್ಬಿಸಿ ಕೊಡುವ ಪ್ರಶ್ನೆಯೇ ಇಲ್ಲ. ತುಟಿಯ ಅಂಚಿಗೆ ನಿಪ್ಪಲ್ ತಾಗಿಸಿ ಕಾಯಿರಿ. ಬಾಯಿ ತಾನಾಗಿ ತೆರೆದು ನಾಲಿಗೆ ಕೆಳಗಿಳಿದಾಗ ನಾಲಿಗೆಯ ಮೇಲಿಟ್ಟರೆ ಸಾಕು. ಒತ್ತಬೇಡಿ, ತಿರುಚಬೇಡಿ. ಉಗುಳಿದರೆ ಅದೇ ಮಗುವಿನ ಉತ್ತರ, ಮುಂದಿನ ಹಾಲಿನ ಹೊತ್ತಿಗೆ ನೋಡಿದರಾಯಿತು. ಕೆಲವು ನಿಮಿಷ ಸಾಕು, ಅಷ್ಟೂ ಹೊತ್ತು ಕಣ್ಣು ಮಗುವಿನ ಮೇಲಿರಲಿ. ಬೆರಳುಗಳನ್ನು ಅಗಲಿಸಿ ಚಾಚಿದರೆ, ಹುಬ್ಬು ಗಂಟಿಕ್ಕಿದರೆ, ಬಿಕ್ಕಳಿಕೆ ಬಂದರೆ ಸುಸ್ತಾಗಿದೆ ಎಂದೇ ಅರ್ಥ. ತುಟಿಯ ಸುತ್ತ ನೀಲಿಯಾದರೆ, ಮಾನಿಟರಿನಲ್ಲಿ ಆಮ್ಲಜನಕ ಅಥವಾ ಹೃದಯ ಬಡಿತ ಇಳಿದರೆ ತಕ್ಷಣ ತೆಗೆದು ನರ್ಸ್ ಅನ್ನು ಕರೆಯಿರಿ.

ಅವಧಿಗೆ ಮುಂಚೆ ಹುಟ್ಟಿದವರಿಗೆಂದೇ ಚಿಕ್ಕ ಅಳತೆಯ ಪ್ಯಾಸಿಫೈಯರ್‌ಗಳು ಸಿಗುತ್ತವೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನ್ಯ ಅಳತೆಯದ್ದು ಈ ಬಾಯಿಗೆ ದೊಡ್ಡದಾಗಿ ಓಕರಿಕೆ ತರಿಸಬಹುದು. ಬಿಡಿ ಭಾಗಗಳಿಲ್ಲದ, ಒಂದೇ ತುಂಡಿನ ಸಿಲಿಕೋನ್‌ನದ್ದೇ ಇರಲಿ. ಬಾಟಲಿಯ ನಿಪ್ಪಲ್‌ಗೆ ಹತ್ತಿ ತುರುಕಿ ಪ್ಯಾಸಿಫೈಯರ್ ಮಾಡುವ ಜಾಣ್ಮೆ ಬೇಡವೇ ಬೇಡ, ಹತ್ತಿ ಹೊರಬಂದರೆ ಉಸಿರುಗಟ್ಟುತ್ತದೆ. ಬೀಳದಿರಲಿ ಎಂದು ಪ್ಲಾಸ್ಟರ್ ಹಾಕಿ ಮುಖಕ್ಕೆ ಅಂಟಿಸುವುದೂ ಅಷ್ಟೇ ಅಪಾಯ. ವಾಂತಿ ಬಂದರೆ ಮಗು ಅದನ್ನು ಉಗುಳಲಾರದು.

ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವಾಗ, ಆರ್‌ಒಪಿ ಎಂಬ ಅಕ್ಷಿಪಟಲದ ತೊಂದರೆ ಇದೆಯೇ ಎಂದು ಕಣ್ಣಿನ ಪರೀಕ್ಷೆ ಮಾಡುವಾಗ ನರ್ಸ್ ಸಕ್ಕರೆ ದ್ರಾವಣದ ಹನಿ ಹಾಕಿ ಚೀಪಲು ಕೊಡುವುದನ್ನು ನೀವು ಕಂಡಿರಬಹುದು. ಒಂದೆರಡು ನಿಮಿಷ ಮೊದಲು ಕೊಟ್ಟರೆ ನೋವು ಕಡಿಮೆಯಾಗುತ್ತದೆ. ಅದು ಅಳತೆ ಮಾಡಿದ, ಆ ಹೊತ್ತಿಗಷ್ಟೇ ಮೀಸಲಾದ ಪ್ರಮಾಣ. ಅದನ್ನು ನೋಡಿ ಮನೆಯಲ್ಲಿ ನಿಪ್ಪಲ್ ಅನ್ನು ಸಕ್ಕರೆಯಲ್ಲೋ ಜೇನಿನಲ್ಲೋ ಅದ್ದುವವರಿದ್ದಾರೆ. ಮಗುವಿಗೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿ ಹಳೆಯದು, ಆದರೆ ಜೇನಿನಿಂದ ಬೊಟುಲಿಸಂ ಎಂಬ ನರಗಳ ಕಾಯಿಲೆ ಬರಬಹುದಾದ್ದರಿಂದ ಒಂದು ವರ್ಷದವರೆಗೆ ಅದು ಯಾವ ಮಗುವಿಗೂ ಬೇಡ.

ಮನೆಗೆ ಬಂದ ಮೇಲೆ ಇದೇ ಪ್ಯಾಸಿಫೈಯರ್ ಬಗ್ಗೆ ನನ್ನ ಧೋರಣೆ ಸ್ವಲ್ಪ ಬಿಗಿ. ತಿಂಗಳು ತುಂಬದ ಮಗು ಹಸಿವಾದರೂ ಜೋರಾಗಿ ಅಳದಿರಬಹುದು. ಬಾಯಾಡಿಸಿ, ಮುಷ್ಟಿ ಹುಡುಕಿ, ಸುಸ್ತಾಗಿ ಮಲಗಿಬಿಡುತ್ತದೆ. ಆ ಸೂಚನೆಯ ಮೇಲೆ ನಿಪ್ಪಲ್ ಇಟ್ಟರೆ ಒಂದು ಹೊತ್ತಿನ ಹಾಲೇ ತಪ್ಪುತ್ತದೆ. ಹಾಗಾಗಿ ಮೊದಲು ಹಾಲು, ಗಡಿಯಾರ ನೋಡಿ ಎರಡು ಮೂರು ಗಂಟೆಗೊಮ್ಮೆ, ಆಮೇಲೆ ಬೇಕಿದ್ದರೆ ಪ್ಯಾಸಿಫೈಯರ್. ಎದೆಹಾಲು ಕುದುರಿದ ಮೇಲೆ ನಿದ್ದೆಯ ಹೊತ್ತಿಗೆ ಕೊಡಬಹುದು. ನಿದ್ದೆಯಲ್ಲೇ ಶಿಶು ಹಠಾತ್ತಾಗಿ ಸಾಯುವ ಅಪಾಯ ಇದರಿಂದ ತಗ್ಗುತ್ತದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಿಫಾರಸು ಮಾಡುತ್ತದೆ. ಮಗುವನ್ನು ಅಂಗಾತ ಮಲಗಿಸಿ. ಪ್ಯಾಸಿಫೈಯರ್‌ಗೆ ದಾರ ಕಟ್ಟಿ ಕೊರಳಿಗೆ ಹಾಕಬೇಡಿ. ನಿದ್ದೆಯಲ್ಲಿ ಬಿದ್ದುಹೋದರೆ ಮತ್ತೆ ಇಡಬೇಕಿಲ್ಲ. ಕೆಳಗೆ ಬಿದ್ದದ್ದನ್ನು ದೊಡ್ಡವರು ಬಾಯಲ್ಲಿ ಚೀಪಿ ‘ಶುದ್ಧ’ ಮಾಡದೆ ಕುದಿಯುವ ನೀರಿಗೆ ಹಾಕಿ, ಬಿರುಕು ಕಂಡ ದಿನವೇ ಬಿಸಾಡಿ. ಆರು ತಿಂಗಳ ನಂತರವೂ ದಿನವಿಡೀ ಚೀಪುತ್ತಿದ್ದರೆ ಕಿವಿಯ ಸೋಂಕು ಹೆಚ್ಚು, ಆಗ ನಿದ್ದೆಯ ಹೊತ್ತಿಗಷ್ಟೇ ಇಳಿಸುತ್ತ ಬನ್ನಿ.